ಒಂಬತ್ತನೇ ನಂಬರಿನ ಡ್ರೈವರ್

ತಾಪತ್ರಯ ಶುರುವಾದದ್ದು ಪ್ಲಾಸ್ಟಿಕ್ ತಟ್ಟೆಯೊಂದರ ಮೇಲೆ ಅಚ್ಚಾಗಿದ್ದ ಅಂಕಿಯಿಂದ.

ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕುವ ಬೈಂಡರನನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ನೋಡಿದವರಿಗೆ ಕಾರಣ ಹೇಳಬೇಕಾಗಿರಲಿಲ್ಲ. ಪ್ರೆಸ್ಸಿಗೊಂದು ಡಿಸ್ಕ್ ಗಾಲ್ಫ್ ತಂಡವಿತ್ತು. ದೂರದ ಕಂಬಕ್ಕೆ ಕಟ್ಟಿದ ಸರಪಳಿ ಬುಟ್ಟಿಗೆ ತಟ್ಟೆ ಎಸೆದು ಬೀಳಿಸುವ ಆಟ ಅದು. ತಂಡದಲ್ಲಿ ಕಡ್ಡಿಯ ಪಾತ್ರ ಉಳಿದವರ ಚೀಲ ಹೊರುವುದು. ಈಗ ಒಂದು ಜಾಗ ಖಾಲಿ ಬಿದ್ದಿತ್ತು. ಆ ಸಂಜೆ ಪಾರ್ಕಿನ ಕೊಳ ದಾಟುವಂತೆ ಎಸೆದವನಿಗೇ ಜಾಗ ಎಂದು ಮ್ಯಾನೇಜರು ಸಾರಿದ್ದರು. ಎದುರಾಳಿ ಗೋದಾಮಿನವನು, ಕಾಗದದ ಕಟ್ಟುಗಳನ್ನು ದಿಂಬಿನ ಹಾಗೆ ಎತ್ತಿ ಒಗೆಯುವ ಆಸಾಮಿ.

ದೂರಕ್ಕೆ ಎಸೆಯುವ ತಟ್ಟೆಗೆ ಡ್ರೈವರ್ ಎನ್ನುತ್ತಾರೆ. ಕಡ್ಡಿಯ ಹತ್ತಿರ ಅದಿರಲಿಲ್ಲ. ಊಟದ ಬಿಡುವಿನಲ್ಲಿ ಆಟದ ಸಾಮಾನಿನ ಅಂಗಡಿಗೆ ಹೊರಟ. ಯಾರೂ ಕರೆಯದಿದ್ದರೂ ಪ್ರೆಸ್ಸಿನ ಕಂಪೋಸಿಂಗ್ ಅಕ್ಕ, ಮೆಷಿನ್ ಮಾವ ಇಬ್ಬರೂ ಬೆನ್ನಿಗೆ ಬಿದ್ದರು.

ಅಂಗಡಿಯಾಕೆ, "ಎಲ್ಲಿ, ಒಂದ್ಸಲ ಕೈ ಬೀಸಿ ತೋರ್ಸಿ" ಎಂದಳು.

ಕಡ್ಡಿ ಇದ್ದ ಬಲವನ್ನೆಲ್ಲ ಸೇರಿಸಿ ಬೀಸಿದ. ಕೌಂಟರಿನ ಮೇಲಿದ್ದ ನೊಣ ಕೂತಲ್ಲೇ ಕೂತಿತ್ತು.

"ನಿಮಗೆ ಒಂಬತ್ತನೇ ನಂಬರ್ ಸರಿ. ನಂಬರ್ ಏರಿದಷ್ಟೂ ಕೈಯಲ್ಲಿ ವೇಗ ಬೇಕು. ಇಲ್ದಿದ್ರೆ ಎಡಕ್ಕೆ ತಿರುಗಿ ಅಲ್ಲೇ ಬೀಳುತ್ತೆ."

"ಒಂಬತ್ತಾ!" ಮೆಷಿನ್ ಮಾವ ಮುಖ ಕಿವುಚಿದ. "ಅದು ಚಿಕ್ಕ ಮಕ್ಕಳ ಚಪ್ಪಲಿ ನಂಬರಮ್ಮಾ."

"ಗೋದಾಮಿನವನು ಹದಿಮೂರು ಇಟ್ಕೊಂಡಿದಾನೆ ಕಣೋ," ಅಕ್ಕ ಪಿಸುಗುಟ್ಟಿದಳು. "ಅವನ ಮುಂದೆ ಒಂಬತ್ತು ಹಿಡ್ಕೊಂಡು ನಿಂತ್ರೆ ನಮ್ಮ ಮಾನ ಏನಾಗ್ಬೇಕು?"

ಇವರ ಮಾನ ತನ್ನ ಕೈಗೆ ಯಾವಾಗ ಬಂತು ಎಂದು ಕೇಳುವಷ್ಟು ಧೈರ್ಯ ಕಡ್ಡಿಗಿರಲಿಲ್ಲ. ಅಂಗಡಿಯ ಹಿತ್ತಲಿನಲ್ಲಿ ಹದಿಮೂರನ್ನೇ ಎಸೆದು ನೋಡಿದ. ಅದು ನಾಲ್ಕು ಮಾರು ಹೋಗಿ, ಏನೋ ಮರೆತವರ ಹಾಗೆ ಎಡಕ್ಕೆ ತಿರುಗಿ, ಗೋಡೆಯಾಚೆಯ ಲಾಂಡ್ರಿಯ ನೀರಿನ ತೊಟ್ಟಿಗೆ ಬಿತ್ತು.

"ಯಾವನೋ ಅವನು?" ಗೋಡೆಯ ಮೇಲೆ ಒದ್ದೆ ತಲೆಯೊಂದು ಎದ್ದು, ತಟ್ಟೆಯನ್ನು ಇತ್ತ ಒಗೆಯಿತು.

"ಮೊಣಕೈ ಮೇಲೆತ್ತೋ!" ಎಂದ ಮಾವ.

"ಮೇಲಲ್ಲ, ಕೆಳಗೆ!" ಎಂದಳು ಅಕ್ಕ.

ಕಡ್ಡಿ ಇಬ್ಬರ ಮಾತನ್ನೂ ನಡೆಸಿಕೊಟ್ಟ. ಈ ಸಲ ತಟ್ಟೆ ಮಾವನ ಭುಜಕ್ಕೆ ಬಡಿಯಿತು. ಮಾವ ಮೌನವಾದ. ಆ ಮೌನದಲ್ಲೇ ಕಡ್ಡಿ ಒಂಬತ್ತನ್ನು ಎತ್ತಿಕೊಂಡು ಎಸೆದ. ಅದು ಇಸ್ತ್ರಿ ಮಾಡಿದ ಹಾಗೆ ನೆಟ್ಟಗೆ ಹೋಗಿ ದೂರದ ಬೇಲಿಗೆ ತಾಗಿತು.

ಜನ್ಮದಲ್ಲಿ ಮೊದಲ ಸಲ, ಯಾರನ್ನೂ ಕೇಳದೆ, "ಇದನ್ನೇ ಕೊಡಿ" ಎಂದ.

ಸಂಜೆ ಇಡೀ ಪ್ರೆಸ್ಸು ಕೊಳದ ದಡದಲ್ಲಿತ್ತು. ಗೋದಾಮಿನವನು ಮೊದಲು ಎಸೆದ. ಅವನ ಹದಿಮೂರು ಎಡಕ್ಕೆ ತಿರುಗಿ ನೀರಿನ ನಡುವೆ ಗುಳುಂ ಎಂದಿತು. ಆಮೇಲೆ ಕಡ್ಡಿ ಉಸಿರು ಬಿಗಿಹಿಡಿದು ಕೈ ಬೀಸಿದ. ಒಂಬತ್ತು ನೀರಿನ ಮೇಲೆ ಗಾಳಿಯಲ್ಲಿ ತೇಲಿ, ಬಾತುಕೋಳಿಗಳ ತಲೆ ಸವರಿ, ಆಚೆ ದಡದ ಹುಲ್ಲಿನ ಮೇಲೆ ಮೆತ್ತಗೆ ಕೂತಿತು. ಅಕ್ಕ ಚಪ್ಪಾಳೆ ತಟ್ಟಿದಳು. ಕಡ್ಡಿಯ ಎದೆ ಉಬ್ಬಿತು, ಇದ್ದಷ್ಟು.

ಮ್ಯಾನೇಜರು ತಟ್ಟೆ ತರಿಸಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಭಲೇ ತಟ್ಟೆ ಕಣಯ್ಯಾ ಇದು!"

"ಎಸೆದದ್ದು ನಾನು ಸಾರ್."

"ಅದನ್ನೇ ನಾನೂ ಹೇಳ್ತಿರೋದು. ನೀನು ಎಸೆದ್ರೂ ಹೋಯ್ತಲ್ಲ!"

ತಟ್ಟೆಯನ್ನು ಗೋದಾಮಿನವನ ಕೈಗೆ ಕೊಟ್ಟರು. ಅವನು ಎಸೆದ. ಅದು ಕೊಳ ದಾಟಿತು, ಹುಲ್ಲು ದಾಟಿತು, ಮರಗಳ ಸಾಲನ್ನೂ ದಾಟಿ ಕಣ್ಣಿಗೆ ಕಾಣದಾಯಿತು. ಜನ ಹೋ ಎಂದರು.

"ಜಾಗ ಇವನದ್ದೇ," ಎಂದರು ಮ್ಯಾನೇಜರು. ಆಮೇಲೆ ಕಡ್ಡಿಯ ಹೆಗಲ ಮೇಲೆ ಕೈ ಹಾಕಿ, ಪ್ರೀತಿಯಿಂದಲೇ ಹೇಳಿದರು: "ಬೇಜಾರ್ ಮಾಡ್ಕೋಬೇಡ. ಎಸೆಯೋರು ಬೇಕಾದಷ್ಟು ಜನ ಸಿಗ್ತಾರೆ, ಸರಿಯಾದ ತಟ್ಟೆ ಆರಿಸೋರು ಸಿಗಲ್ಲ. ನಾಳೆಯಿಂದ ಅಂಗಡಿಗೆ ಹೋಗಿ ತಂಡದ ಎಲ್ಲರ ತಟ್ಟೆನೂ ನೀನೇ ಆರಿಸ್ಬೇಕು."

ಕಡ್ಡಿ ಬಾಯಿ ತೆರೆಯುವಷ್ಟರಲ್ಲಿ ಮೆಷಿನ್ ಮಾವ ಭುಜ ನೀವಿಕೊಳ್ಳುತ್ತ ಹತ್ತಿರ ಬಂದ.

"ಹೆದರ್ಬೇಡ ಕಣೋ," ಎಂದ. "ಜೊತೆಗೆ ನಾವಿಬ್ರೂ ಬರ್ತೀವಿ."