ಗೇಟಿನಲ್ಲಿ ನನ್ನದೇ ದನಿ

ಹೊಸ ಯಂತ್ರ ಎಲ್ಲಿಗೆ ಬಂದರೂ ಮೊದಲ ವಾರ ಯಾರಾದರೊಬ್ಬರು ನಗೆಪಾಟಲಾಗಲೇಬೇಕು. ನಮ್ಮ ಹಾಸ್ಟೆಲಿನಲ್ಲಿ ಆ ಸರದಿ ತಪ್ಪದೆ ನನಗೇ ಬರುತ್ತದೆ. ದಣಿದಿದ್ದೇನೆ ಎಂದರೂ ಬಿಡುವುದಿಲ್ಲ.

ನಾನು ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದ ಒಂದು ಮಹಿಳಾ ಹಾಸ್ಟೆಲಿನ ಮೇಟ್ರನ್. ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಬೆನ್ನು ನೆಟ್ಟಗಿಟ್ಟು ಕೂರಬೇಕು, ಸದ್ದಾಗದಂತೆ ಬಾಗಿಲು ಮುಚ್ಚಬೇಕು, ಹೇಳಿದ ಹೊತ್ತಿಗೆ ಬರಬೇಕು ಎಂದು ಸಿಸ್ಟರುಗಳು ನನಗೆ ಕಲಿಸಿದರು. ಅದನ್ನೇ ಐಟಿ ಪಾರ್ಕಿನ ಹುಡುಗಿಯರಿಗೆ ಕಲಿಸುತ್ತ ನನ್ನ ತಲೆ ನರೆಯಿತು.

ಈ ವರ್ಷ ನಮ್ಮ ಟ್ರಸ್ಟಿನ ಕಾರ್ಯದರ್ಶಿಗಳು ಗೇಟಿಗೊಂದು ಯಂತ್ರ, ಎಲ್ಲರ ಫೋನಿಗೊಂದು ಆ್ಯಪ್ ಹಾಕಿಸಿದರು.

"ಮಳೆಗಾಲ ಮುಗಿಯುವವರೆಗೆ ಪರೀಕ್ಷೆ ಮೇಡಂ. ಚೆನ್ನಾಗಿ ನಡೆದರೆ ನಿಮಗೂ ವಿಶ್ರಾಂತಿ," ಎಂದರು.

ವಿಶ್ರಾಂತಿ ಎಂದರೆ ಏನೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ಒಬ್ಬ ಬಡಗಿ ಬಂದು ಆಗಲೇ ನನ್ನ ಕೋಣೆಯ ಅಳತೆ ತೆಗೆದುಕೊಂಡು ಹೋಗಿದ್ದ. ಅಲ್ಲಿ ಮೂರು ಮಂಚ ಹಿಡಿಯುತ್ತವಂತೆ.

ನಗು

ಯಂತ್ರಕ್ಕೆ ನಮ್ಮೆಲ್ಲರ ಮುಖ ಪರಿಚಯ ಮಾಡಿಸಬೇಕಿತ್ತು. ಅದನ್ನು ಕೂರಿಸಲು ಬಂದವನು ಕಾಸರಗೋಡಿನ ಕಡೆಯ ಹುಡುಗ. ನನ್ನ ಹೆಸರು ಕೇಳಿದ್ದೇ ಕನ್ನಡಕ್ಕೆ ಇಳಿದ.

"ಮೇಡಂ, ಇದು ನಿಮ್ಮ ಮುಖ ತಗೊಳ್ಳುದಿಲ್ಲ. ಸ್ವಲ್ಪ ನಗಿ."

"ಇದು ನನ್ನ ಮುಖ. ಹೀಗೇ ಇರುತ್ತದೆ."

"ಸ್ವಲ್ಪವೇ ಸ್ವಲ್ಪ, ಮಾರಾಯ್ರೆ!"

ಮೇಟ್ರನ್ ಆದ ಮೇಲೆ ನನ್ನನ್ನು ಮಾರಾಯ್ರೆ ಎಂದು ಕರೆದವರು ಯಾರೂ ಇಲ್ಲ. ಆ ಬೆರಗಿಗೋ ಏನೋ, ತುಟಿ ಕೊಂಚ ಅಗಲವಾಯಿತು. ಯಂತ್ರ ಅದನ್ನೇ ಹಿಡಿದುಕೊಂಡಿತು.

ಮರುದಿನ ಪೇಟೆಯಿಂದ ಬಂದು ಗೇಟಿನ ಮುಂದೆ ನಿಂತರೆ, ಗೋಡೆಯ ಯಂತ್ರದಲ್ಲಿ ಇಂಥವರು ಇಲ್ಲಿಲ್ಲ ಎಂಬಂತೆ ಕೆಂಪು ದೀಪ. ಮತ್ತೆ ನಿಂತೆ. ಮತ್ತೆ ಕೆಂಪು. ಕೊನೆಗೆ ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗೋಡೆಗೆ ನಕ್ಕೆ. ಗೇಟು ತೆರೆಯಿತು.

ಯಾರೂ ಇಲ್ಲವೆಂದುಕೊಂಡದ್ದು ತಪ್ಪು. ನಾನು ಪೇಟೆಯಿಂದ ಬರುವ ಹೊತ್ತಿಗೆ ಮಹಡಿಯ ವರಾಂಡದಲ್ಲಿ ಈಗ ಹುಡುಗಿಯರಿಗೆ ನಿಲ್ಲಲು ಜಾಗ ಸಿಗುವುದಿಲ್ಲವಂತೆ.

ಎಣ್ಣೆ

ಆ್ಯಪ್‌ನಲ್ಲಿ ಊಟದ ವಿಚಾರಕ್ಕೆಂದೇ ಒಂದು ಮೂಲೆ ಇದೆ. ವಿಜ್ಞಾನದ ಹೊಸ ಸುದ್ದಿ ಓದಿ, ಅಡುಗೆಮನೆಗೆ ಸಲಹೆ ಕೊಡುತ್ತದೆ. ಮೊದಲ ವಾರವೇ ತೆಂಗಿನೆಣ್ಣೆಗೆ ಕೆಂಪು ಗುರುತು ಬಿತ್ತು: ಹೃದಯಕ್ಕೆ ಕೆಟ್ಟದ್ದು. ಕೇರಳದಲ್ಲಿ ಕೂತು ಅಡುಗೆಯವರಿಗೆ ಈ ಮಾತು ಹೇಳುವ ಧೈರ್ಯ ಯಂತ್ರಕ್ಕಿರಬಹುದು, ನನಗಿರಲಿಲ್ಲ. ಆದರೂ ನಿಯಮ ನಿಯಮವೇ. ಹೋಗಿ ಹೇಳಿದೆ. ಅಡುಗೆಯಾಕೆ ಸೌಟು ಹಿಡಿದೇ ಕೇಳಿಸಿಕೊಂಡರು. ಸೂರ್ಯಕಾಂತಿ ಎಣ್ಣೆ ತರಿಸಿದ್ದಾಯಿತು.

ಮುಂದಿನ ವಾರ ತೆಂಗಿನೆಣ್ಣೆಗೆ ಹಸಿರು ಗುರುತು: ಮಿದುಳಿಗೆ ಬಹಳ ಒಳ್ಳೆಯದು. ಮತ್ತೆ ಹೋಗಿ ಹೇಳಿದೆ. ಅದರ ಮುಂದಿನ ವಾರ ಹಳದಿ: ಸಂಶೋಧನೆ ನಡೆಯುತ್ತಿದೆ.

ಈ ಸಲ ನಾನು ಬಾಗಿಲಲ್ಲಿ ಕಂಡ ಕೂಡಲೇ ಆಕೆ ಕೈ ಅಡ್ಡ ಹಿಡಿದರು.

"ಚೇಚಿ, ಆ ವಿಜ್ಞಾನಿಗಳೆಲ್ಲ ಕೂತು ಒಂದು ಮಾತಿಗೆ ಬರಲಿ. ಅಲ್ಲಿಯವರೆಗೆ ನನ್ನ ಪಪ್ಪಡ ಕಾಯುವುದಿಲ್ಲ."

ನನ್ನನ್ನು ಚೇಚಿ, ಅಕ್ಕ ಎಂದೆಲ್ಲ ಕರೆಯಬಾರದು ಎಂದು ಎಷ್ಟೋ ಸಲ ಹೇಳಿದ್ದೇನೆ. ಆ ದಿನ ಹೇಳಲಿಲ್ಲ.

ಗ್ರಹಣ

ಯಂತ್ರ ನಡೆಸುವುದನ್ನು ಕಲಿತು ಬನ್ನಿ ಎಂದು ಕಾರ್ಯದರ್ಶಿಗಳು ನನ್ನನ್ನು ತಿರುವನಂತಪುರದ ನಮ್ಮ ಇನ್ನೊಂದು ಹಾಸ್ಟೆಲಿಗೆ ಕಳಿಸಿದರು. ನನ್ನ ಕೆಲಸ ಕಳೆಯುವ ವಿದ್ಯೆಯನ್ನು ನಾನೇ ರೈಲು ಹತ್ತಿ ಹೋಗಿ ಕಲಿಯಬೇಕು.

ಅಲ್ಲಿರುವ ಹುಡುಗಿಯರಲ್ಲಿ ಹಲವರು ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಕೆಲಸಕ್ಕೆ ಹೋಗುವವರು. ಆ ದಿನ ಸೂರ್ಯಗ್ರಹಣ. ಮೋಡದಲ್ಲಿ ಸೂರ್ಯನೇ ಕಾಣುತ್ತಿರಲಿಲ್ಲ. ಊಟಕ್ಕೆ ನನ್ನ ಎದುರು ಕೂತಿದ್ದವಳು ಹುಬ್ಬಳ್ಳಿಯ ಹುಡುಗಿ. ಗ್ರಹಣ ಎಂದರೆ ಬರೀ ನೆರಳು ಎಂದು ನನಗೆ ಚಮಚ, ಲೋಟ ಇಟ್ಟು ವಿವರಿಸುತ್ತಿದ್ದಳು. ಅಷ್ಟರಲ್ಲಿ ಅವಳ ತಾಯಿಯ ವಿಡಿಯೊ ಕರೆ ಬಂತು.

"ಏನವಾ, ಅದೇನು ತಾಟು ಕಾಣಾಕತ್ತೈತಿ?"

"ನಂದಲ್ಲವಾ! ನಮ್ಮ ಮೇಡಂದು," ಎಂದು ಫೋನನ್ನು ನನ್ನ ಕಡೆ ತಿರುಗಿಸಿಬಿಟ್ಟಳು.

ನನ್ನ ಬಾಯಲ್ಲಿ ತುತ್ತಿತ್ತು.

"ನಮಸ್ಕಾರ್ರೀ. ನೀವು ದೊಡ್ಡಾರು. ನೀವ ಹಿಂಗ ಗ್ರಹಣದಾಗ ಉಂಡ್ರ, ಹುಡುಗ್ಯಾರಿಗೆ ಬುದ್ಧಿ ಹೇಳೋರು ಯಾರ್ರೀ?"

ನಾನು ಭಾನುವಾರ ಚರ್ಚಿಗೆ ಹೋಗುವವಳು. ನಮ್ಮ ಮನೆಯಲ್ಲಿ ಗ್ರಹಣಕ್ಕೆಂದು ಊಟ ಬಿಟ್ಟವರಿಲ್ಲ. ಆದರೆ ಆ ದನಿ ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ಅವರದೇ. ಚಮಚ ಕೆಳಗಿಟ್ಟೆ.

"ಗ್ರಹಣ ಬಿಡೂತನಾ ಹಿಂಗ ಮಾತಾಡೂಣು, ಫೋನ್ ಇಡಬ್ಯಾಡ," ಎಂದು ತಾಯಿ ಅಪ್ಪಣೆ ಕೊಟ್ಟರು.

ಮಗಳು ಫೋನನ್ನು ನೀರಿನ ಜಗ್ಗಿಗೆ ಒರಗಿಸಿ, ನನ್ನ ಕಡೆಗೇ ಮುಖ ಮಾಡಿಟ್ಟಳು. ಆಮೇಲೆ ಅದಕ್ಕೆ ಕಾಣದ ಹಾಗೆ ಕೂತು ತನ್ನ ಊಟ ಮುಗಿಸಿ, ನನ್ನ ತಟ್ಟೆಯ ಹುರಿದ ಮೀನನ್ನೂ ಮೆಲ್ಲಗೆ ಎಳೆದುಕೊಂಡಳು. ಆ ಕುಟುಂಬದ ಪರವಾಗಿ ಮಗಳ ಹಾಸ್ಟೆಲಿನಲ್ಲಿ ಗ್ರಹಣ ಆಚರಿಸಿದವಳು ನಾನೊಬ್ಬಳೇ.

ಬೆಂಚು

ಕಲಿತು ವಾಪಸು ಬರುವಷ್ಟರಲ್ಲಿ ಇಲ್ಲಿ ಹೊಸ ಸಮಸ್ಯೆ. ತಡವಾಗಿ ಬಂದವರಿಗೆ ಯಂತ್ರ ಮಾತಿನಲ್ಲಿ ಎಚ್ಚರಿಕೆ ಕೊಡುತ್ತದೆ. ಆದರೆ ಅದರ ದನಿಗೆ ಜೇನು ಸವರಿದಂತಿತ್ತು. ಹುಡುಗಿಯರು "ಓಕೆ ಡಿಯರ್" ಎಂದು ಅದರ ತಲೆ ಸವರಿ ಒಳಗೆ ಬರುತ್ತಿದ್ದರು. ಕಾಸರಗೋಡಿನ ಹುಡುಗ ಮೈಕು ಹಿಡಿದು ಬಂದ.

"ನಿಮ್ಮ ದನಿ ಹಾಕುವಾ ಮೇಡಂ. ಅದಕ್ಕಾದ್ರೆ ಹೆದರ್ತಾರೆ."

ಕೋಣೆಯ ಅಳತೆ ಹೋಗಿತ್ತು, ಮುಖ ಹೋಗಿತ್ತು, ಈಗ ದನಿ. ಇನ್ನು ಟ್ರಸ್ಟಿಗೆ ನನ್ನಿಂದ ಬೇಕಾದದ್ದು ಏನೂ ಉಳಿಯುವುದಿಲ್ಲ ಎಂದು ತಿಳಿದೇ ಮೈಕಿನ ಮುಂದೆ ಕೂತೆ. ಆದರೆ ಕೆಲಸ ಕೆಡಿಸುವುದು ನನಗೆ ಬರುವುದಿಲ್ಲ. ಮಲಯಾಳಂ, ಇಂಗ್ಲಿಷ್, ಕನ್ನಡ, ಮೂರರಲ್ಲೂ, ಬರುವವರಿಗೆ, ಹೋಗುವವರಿಗೆ, ತಡವಾದವರಿಗೆ ಎಂದು ಬೆನ್ನು ನೆಟ್ಟಗಿಟ್ಟು ಗದರಿಕೊಟ್ಟೆ.

ಮಳೆಗಾಲದ ಕೊನೆಯ ಒಂದು ಭಾನುವಾರ ಸಂಜೆ ಚರ್ಚಿನಿಂದ ಬರುತ್ತೇನೆ, ಗೇಟಿನ ಹೊರಗಿನ ಕಲ್ಲು ಬೆಂಚಿನಲ್ಲಿ ಕಾರ್ಯದರ್ಶಿಗಳು ಕೂತಿದ್ದಾರೆ. ಮಳೆ ಹೊಯ್ದು ನಿಂತಿತ್ತು. ಅವರ ತಲೆಯಿಂದ ನೀರು ಇಳಿಯುತ್ತಿತ್ತು. ಮೊಣಕಾಲು ಜೋಡಿಸಿ, ಕೈ ಮಡಿಲಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಒಮ್ಮೆ ನನ್ನನ್ನು, ಒಮ್ಮೆ ಗೇಟನ್ನು ನೋಡಿದರು.

"ನೀವು ಒಳಗಿಲ್ಲವೇ?"

"ಇಲ್ಲ. ನೀವೇಕೆ ಇಲ್ಲಿ?"

"ನೀವೇ ಹೇಳಿದಿರಲ್ಲ! 'ಗಂಡಸರಿಗೆ ಪ್ರವೇಶವಿಲ್ಲ, ಬೆಂಚಿನ ಮೇಲೆ ಕೂತುಕೊಳ್ಳಿ.' ನಾನು ಕಾರ್ಯದರ್ಶಿ ಎಂದೆ. 'ಗೇಟಿಗೆ ಒರಗಬೇಡಿ' ಎಂದಿರಿ."

"ಅದು ಯಂತ್ರ. ನೀವೇ ಹಾಕಿಸಿದ್ದು. ನನಗೆ ಫೋನ್ ಮಾಡಬಹುದಿತ್ತು."

"ಗೇಟಿನಲ್ಲಿ ಬೈಸಿಕೊಂಡದ್ದು ಸಾಲದೆ ಫೋನಿನಲ್ಲೂ ಬೈಸಿಕೊಳ್ಳಲೇ?"

ವರಾಂಡದಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ಯಾರಾದರೂ ಬಂದು ಗೇಟು ತೆಗೆಯಬಾರದಿತ್ತೇ ಎಂದು ಕೇಳಿದೆ.

"ನೀವು ಬೇಡ ಅಂದ್ಮೇಲೆ ನಾವ್ ಹೇಗ್ ತೆಗೆಯೋದು ಮೇಡಂ?" ಎಂದಳು ಅವರಲ್ಲಿ ಬೆಂಗಳೂರಿನ ಒಬ್ಬಳು.

ನಾನು ಗೋಡೆಯ ಕಡೆ ತಿರುಗಿ ನಕ್ಕೆ. ಗೇಟು ತೆರೆಯಿತು. ಮಳೆಯಲ್ಲೂ ಬೆಂಚು ಬಿಟ್ಟು ಕದಲದ ಕಾರ್ಯದರ್ಶಿಗಳು ನನ್ನ ನಗು ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

ಒಳಗೆ ಕೂರಿಸಿ ಟವೆಲು ಕೊಟ್ಟೆ, ಹಾಲಿಲ್ಲದ ಕಟ್ಟನ್ ಚಾಯ ಕೊಟ್ಟೆ. ತಲೆ ಒರೆಸಿಕೊಂಡು ಚಾಯ ಮುಗಿಸಿದರು. ಅವರು ಬಂದದ್ದು ನನಗೆ ವಿಶ್ರಾಂತಿ ಕೊಡಲೆಂದೇ. ಬಡಗಿಯೂ ಮರುದಿನ ಬರುವವನಿದ್ದ.

"ಮೇಡಂ, ಯೋಚನೆ ಮಾಡಿದೆ," ಎಂದರು ಕೊನೆಗೆ. "ಗೇಟಿನಿಂದ ಆ ದನಿ ನಾಳೆಯೇ ತೆಗೆಸುತ್ತೇನೆ. ನೀವು ಇರಿ. ನಿಮ್ಮಂಥವರು ಒಬ್ಬರಾದರೆ ಟ್ರಸ್ಟ್ ಹೇಗೋ ತಡೆದುಕೊಳ್ಳುತ್ತದೆ, ಇಬ್ಬರಾದರೆ ಆಗುವುದಿಲ್ಲ."

ಮೂರು ಮಂಚದ ಮಾತು ಮತ್ತೆ ಬರಲಿಲ್ಲ.

ಕೊಡೆ ಕೊಟ್ಟು ಗೇಟಿನವರೆಗೆ ಹೋಗಿ ಬೀಳ್ಕೊಟ್ಟೆ. ಅವರು ದಾಟುತ್ತಿದ್ದಂತೆ ಗೋಡೆಯಿಂದ ನನ್ನ ದನಿ ಗದರಿತು: "ಕತ್ತಲಾಗುವ ಮೊದಲು ವಾಪಸು ಬರಬೇಕು!"

ನಾನು ಪಕ್ಕದಲ್ಲೇ ಬಾಯಿ ಮುಚ್ಚಿ ನಿಂತಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಗೋಡೆಗೆ ತಲೆ ಬಾಗಿಸಿ, "ಆಗಲಿ ಮೇಡಂ," ಎಂದು ಹೇಳಿ ಹೋದರು.