ಸೊಟ್ಟ ಮನೆಯ ನೆಟ್ಟನೆ ಶೆಲ್ಫು

ಇಪ್ಪತ್ತು ವರ್ಷದಿಂದ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೂತು ಗೆರೆ ಎಳೆದರೂ, ತಾನು ಬರೆದ ಒಂದೇ ಒಂದು ವಸ್ತುವನ್ನು ಮನೆಯವರಿಗೆ ಬೆರಳಿಟ್ಟು ತೋರಿಸಲು ಆಗಲಿಲ್ಲವಲ್ಲ ಎಂಬುದು ಮಿಲಿಮೀಟರ್ ಮಹಾಶಯನ ಕೊರಗು. (ಹೆಸರು ಸಹೋದ್ಯೋಗಿಗಳು ಇಟ್ಟದ್ದು. ಚಹಾ ಲೋಟದ ಅಂಚಿನಿಂದ ಇಂತಿಷ್ಟೇ ಕೆಳಗಿರಬೇಕು ಎನ್ನುವವನಿಗೆ ಇನ್ನೇನು ಹೆಸರಿಟ್ಟಾರು?) ಅವನು ಬರೆದದ್ದೆಲ್ಲ ಯಾವುದೋ ಯಂತ್ರದ ಹೊಟ್ಟೆಗೆ ಸೇರಿಹೋಗುವ ಭಾಗಗಳು. ಹೆಂಡತಿಯ ಕಥೆ ಹಾಗಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುವ ಅವಳ ಕೆಲಸವನ್ನು ಅರ್ಧ ಊರು ತೊಟ್ಟುಕೊಂಡು ಓಡಾಡುತ್ತಿತ್ತು. ಅವಳ ಅಕ್ಕ ಬಂದಾಗಲೆಲ್ಲ ತಂಗಿಯ ಹೊಲಿಗೆ ಹೊಗಳಿ, ಅವಳ ಗಂಡನನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

ಹೀಗಿರಲು ದಾರದ ರೀಲುಗಳು ಊಟದ ಮೇಜನ್ನೆಲ್ಲ ಆಕ್ರಮಿಸಿ, ದಂಪತಿಗಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವ ಕಾಲ ಬಂತು. ಗೋಡೆಗೊಂದು ಹಲಗೆ ಹೊಡೆಸಿಕೊಡಿ ಎಂದು ಹೆಂಡತಿ ಕೇಳಿದಳು. ಹಲಗೆಯೇ? ಮಹಾಶಯನೊಳಗೆ ಮಲಗಿದ್ದ ಮಹಾಶಿಲ್ಪಿ ಎದ್ದು ಕೂತ. ಅವನು ಮಾಡಿಸುವುದು ತೇಲುವ ಶೆಲ್ಫು. ಉಕ್ಕಿನ ಪಟ್ಟಿಗೆ ಮೂರು ಸರಳು ವೆಲ್ಡ್ ಮಾಡಿ, ಪಟ್ಟಿಯನ್ನು ಗೋಡೆಗೆ ಬೋಲ್ಟಿನಿಂದ ಬಿಗಿದು, ಚಾಚಿಕೊಂಡ ಸರಳುಗಳ ಮೇಲೆ ಟೊಳ್ಳು ಉಕ್ಕಿನ ಪೆಟ್ಟಿಗೆಯನ್ನು ದಿಂಬಿಗೆ ಗವಸು ಹಾಕಿದಂತೆ ತೂರಿಸುವುದು. ಕೆಳಗೆ ಆಸರೆಯೇ ಕಾಣಬಾರದು.

ಒಂಬತ್ತು ನಕ್ಷೆ ತಯಾರಾದವು. ಬೀದಿ ತುದಿಯ ವೆಲ್ಡರ್ ಅವನ್ನು ತಿರುಗಿಸಿ ಮುರುಗಿಸಿ ನೋಡಿ, ಇದರ ಮೇಲೆ ಆನೆ ನಿಲ್ಲಿಸ್ತೀರಾ ಸಾರ್ ಎಂದು ಕೇಳಿದ. ದಾರದ ರೀಲು ಎಂದಾಗ ಮುಖದ ಕವಚ ಇಳಿಸಿಕೊಂಡು (ನಗು ಮುಚ್ಚಲು ಇರಬೇಕು) ಕೆಲಸಕ್ಕೆ ಕೂತ.

ಶೆಲ್ಫು ಗೋಡೆ ಏರಿತು. ಮಹಾಶಯ ಅದರ ಮೇಲೆ ರಸಮಟ್ಟ ಇಟ್ಟ. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ಬಂದು ಕೂತಿತು. ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ವಾಲಿಸಿ ನೋಡಿದಳು.

"ರೀ, ಸೊಟ್ಟಗಿದೆ."

ಅವನು ಗುಳ್ಳೆ ತೋರಿಸಿದ. ಗುಳ್ಳೆ ನೆಟ್ಟಗಿದೆ, ಶೆಲ್ಫು ಸೊಟ್ಟಗಿದೆ ಎಂದಳು. ಟೇಪು ಹಿಡಿದು ಇಡೀ ಕೋಣೆ ಅಳೆದ ಮೇಲೆ ಸತ್ಯ ಹೊರಬಿತ್ತು. ಸೊಟ್ಟಗಿದ್ದದ್ದು ಮನೆ. ಸೂರು ಒಂದು ಕಡೆ ಒಂದೂವರೆ ಇಂಚು ಇಳಿದಿತ್ತು, ನೆಲವೂ ಪತಿವ್ರತೆಯಂತೆ ಅದನ್ನೇ ಅನುಸರಿಸಿತ್ತು. ನಡುವೆ ನೆಟ್ಟಗೆ ನಿಂತ ಬಡಪಾಯಿ ಶೆಲ್ಫೇ ಅಪರಾಧಿಯಂತೆ ಕಾಣುತ್ತಿತ್ತು.

ಅಂದಿನಿಂದ ಬಟ್ಟೆ ಹೊಲಿಸಲು ಬಂದವರೆಲ್ಲ ಅಳತೆ ಕೊಡಲು ಕೈ ಚಾಚಿ ನಿಂತು, ಗೋಡೆ ನೋಡಿ ಕತ್ತು ವಾಲಿಸುವವರೇ. ಮಹಾಶಯ ರಸಮಟ್ಟ ಹಿಡಿದು ಒಬ್ಬೊಬ್ಬರಿಗೂ ಉಪನ್ಯಾಸ ಕೊಟ್ಟ. ಹೆಂಡತಿ ಗುಂಡುಸೂಜಿ ಬಾಯಲ್ಲಿ ಕಚ್ಚಿಕೊಂಡು ಸುಮ್ಮನಿರುತ್ತಿದ್ದಳು. ಅವಳೂ ಅವರ ಪಕ್ಷವೇ ಎಂದು ಅವನಿಗೆ ಖಾತ್ರಿಯಾಯಿತು. ಹನ್ನೊಂದು ಜನರೊಡನೆ ವಾದಿಸಿ ಗೆದ್ದವನು, ಹನ್ನೆರಡನೆಯ ಗಿರಾಕಿಯ ಮಗು ಅದು ಯಾವಾಗ ಬೀಳುತ್ತೆ ಎಂದು ಕೇಳಿದಾಗ ಸೋತುಹೋದ.

ಅಷ್ಟರಲ್ಲಿ ಹೆಂಡತಿ ಅಕ್ಕನನ್ನು ಕರೆತರಲು ಅವಳ ಊರಿಗೆ ಹೊರಟಳು. ಜೀವಮಾನದಲ್ಲಿ ಮಾಡಿದ ಒಂದೇ ವಸ್ತುವಿನ ಮುಂದೆ ಆ ಅಕ್ಕ ನಿಂತು ಕತ್ತು ವಾಲಿಸುವುದನ್ನು ನೆನೆದೇ ಮಹಾಶಯನ ಎದೆ ಒಡೆಯಿತು. ಅವಳು ಬೀದಿ ದಾಟುವುದರೊಳಗೆ ವೆಲ್ಡರ್‌ಗೆ ಕರೆ ಹೋಯಿತು.

ಸರಿಯಾಗೇ ಇದೆಯಲ್ಲ ಸಾರ್ ಎಂದ ವೆಲ್ಡರ್. ಸರಿಯಾಗಿರೋದೇ ತಪ್ಪಾಗಿದೆ ಎಂದ ಮಹಾಶಯ. ಪಟ್ಟಿಗೆ ಹೊಸ ತೂತು ಬಿತ್ತು, ಶೆಲ್ಫು ಸೂರಿನ ಗೆರೆಗೆ ಸರಿಯಾಗಿ ವಾಲಿತು. ನೋಡಲು ಎಷ್ಟು ನೆಟ್ಟಗಿತ್ತೆಂದರೆ, ಅವನಿಗೇ ಕಣ್ಣೀರು ಬಂತು. ರೀಲುಗಳನ್ನು ಸಾಲಾಗಿ ನಿಲ್ಲಿಸಿ, ರಸಮಟ್ಟವನ್ನು ಮಂಚದ ಕೆಳಗೆ ತಳ್ಳಿದ.

ಮಾರನೆಯ ದಿನ ಹೆಂಡತಿಯ ಜೊತೆ ಅಕ್ಕ ಬಂದಳು, ನೋಡಿದಳು. ಕತ್ತು ಒಂದಿಷ್ಟೂ ವಾಲಲಿಲ್ಲ.

"ಚೆನ್ನಾಗೇ ಇದೆಯಲ್ಲೇ. ದಾರಿಯುದ್ದಕ್ಕೂ ಸೊಟ್ಟ ಕಾಣುತ್ತೆ, ಸೊಟ್ಟ ಕಾಣುತ್ತೆ ಅಂತಿದ್ದೆ?"

"ಕಾಣೋದು ಹಾಗೆ ಅಕ್ಕ. ನಾನೂ ಮೊದಲು ನಕ್ಕಿದ್ದೆ," ಎಂದಳು ಹೆಂಡತಿ, ಚಪ್ಪಲಿ ಬಿಡುತ್ತಾ. "ಆಮೇಲೆ ಗೊತ್ತಾಯ್ತು. ಮೇಜಿನ ಮೇಲೆ ರೀಲು ಮಲಗಿಸಿದ್ರೆ ಉರುಳಿ ಹೋಗುತ್ತೆ, ಇದರ ಮೇಲೆ ಅಲ್ಲಾಡಲ್ಲ. ಈ ಮನೇಲಿ ನೆಟ್ಟಗಿರೋದು ಇದೊಂದೇ. ಪೂರ್ತಿ ಇವರದೇ ಲೆಕ್ಕಾಚಾರ. ಎದುರಿಗೆ ಹೊಗಳಿದ್ರೆ ತಲೆ ಮೇಲೆ ಕೂರ್ತಾರೆ ಅಂತ ಬಾಯಿ ಬಿಟ್ಟಿರಲಿಲ್ಲ, ಅಷ್ಟೆ. ತಾಳು, ತೋರಿಸ್ತೀನಿ."

ಮೊದಲು ಊಟ ಮಾಡೋಣ ಎಂದು ಮಹಾಶಯ ಹೇಳುವಷ್ಟರಲ್ಲಿ ಅವಳು ಕೆಂಪು ರೀಲೊಂದನ್ನು ಶೆಲ್ಫಿನ ಮೇಲೆ ಮಲಗಿಸಿ ಕೈ ತೆಗೆದಳು. ಅದು ಒಂದು ಕ್ಷಣ ಯೋಚಿಸಿತು. ಆಮೇಲೆ ದಾರಿಯಲ್ಲಿದ್ದ ಬಂಧುಬಾಂಧವರನ್ನೆಲ್ಲ ಕೆಡವುತ್ತಾ ಸರಸರನೆ ಉರುಳಿ, ನೆಲಕ್ಕೆ ಬಿದ್ದು, ದಾರ ಬಿಚ್ಚಿಕೊಂಡು ಮೇಜಿನ ಅಡಿಗೆ ಹೋಯಿತು.

ಹೆಂಡತಿ ರೀಲು ಹೋದ ದಾರಿಯನ್ನು ನೋಡಿದಳು, ಶೆಲ್ಫನ್ನು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು.

"ಇಪ್ಪತ್ತು ವರ್ಷಕ್ಕೆ ಒಂದೇ ಸಲ ನೀವು ಸರಿ ಇದ್ರಿ," ಎಂದಳು. "ಅದನ್ನೂ ಬಗ್ಗಿಸಿಬಿಟ್ರಲ್ರೀ."

ಮಹಾಶಯ ರೀಲು ಹುಡುಕಲು ಮೇಜಿನ ಅಡಿಗೆ ತೂರಿದ. ರೀಲು ಬೇಗನೇ ಸಿಕ್ಕಿತು. ಅವನು ಮಾತ್ರ ಅಕ್ಕನ ಊಟ ಮುಗಿಯುವವರೆಗೂ ಹೊರಗೆ ಬರಲಿಲ್ಲ.