ಸಾನೋಬಾರ್ ಒಪ್ಪಿದ ಪಲೋವ್

ನನ್ನ ಹೆಂಡತಿ ಸಾನೋಬಾರ್ ಅಡುಗೆ ಬಹಳ ಚೆನ್ನಾಗಿ ಮಾಡುತ್ತಾಳೆ. ನನ್ನ ಸಂಸಾರದ ಗೋಳು ಇದೇ.

ನಗಬೇಡಿ. ಅಡುಗೆ ಬಾರದವಳ ಗಂಡ ಪುಣ್ಯವಂತ. ಹೊಟ್ಟೆ ಸರಿಯಿಲ್ಲ ಎಂದು ಎರಡು ಸಲ ಮುಖ ಕಿವುಚಿದರೆ ಸಾಕು, ಊರಿನ ಹೋಟೆಲುಗಳೆಲ್ಲ ಅವನಿಗೆ ಬಾಗಿಲು ತೆರೆಯುತ್ತವೆ. ನನಗೆ ಆ ಭಾಗ್ಯವಿಲ್ಲ. ತಾಷ್ಕೆಂಟಿನಂಥ ಊರು, ಯಾವ ತಿರುವಿನಲ್ಲಿ ತಿರುಗಿದರೂ ಮಾಂಸ ಸುಡುವ ಹೊಗೆ ಮೂಗಿಗೆ ಬಡಿಯುವ ಊರು. ಇಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾದ ದಿನದಿಂದ ಮನೆ ಊಟ ಉಂಡುಕೊಂಡೇ ಬದುಕಿದ್ದೇನೆ. ಶಾಲೆಯಲ್ಲಿ ನಾನು ಭೂಗೋಳದ ಮೇಷ್ಟ್ರು. ಬ್ರೆಜಿಲ್ ದೇಶದವರು ಏನು ತಿನ್ನುತ್ತಾರೆ ಎಂದು ಮಕ್ಕಳಿಗೆ ನಿದ್ದೆಯಲ್ಲೂ ಹೇಳಬಲ್ಲೆ. ನಾಲ್ಕು ಮೆಟ್ರೋ ನಿಲ್ದಾಣದಾಚೆಯ ಮಿರೊಬಾದಿನಲ್ಲಿ ಏನು ತಿನ್ನುತ್ತಾರೆ ಎಂದರೆ ತಲೆ ಕೆರೆದುಕೊಳ್ಳಬೇಕು.

ಒಂದು ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಪೀಠಿಕೆ ಹಾಕಿದೆ.

"ಸಾನೋಬಾರ್, ಕೊಯ್ಲಿಕ್ ಬಜಾರಿನಲ್ಲಿ ಕೊರಿಯದವರು ತಣ್ಣನೆ ಶಾವಿಗೆ ಸಾರು ಮಾಡ್ತಾರಂತೆ."

"ಮೊಬೈಲ್ ನೋಡ್ಕೊಂಡು ಕೂತ್ರೆ ನಮ್ಮನೇಲೂ ಸಾರು ತಣ್ಣಗಾಗುತ್ತೆ. ತಿನ್ನಿ."

"ಅಲ್ಲ, ನಮ್ಮ ಶಾಲೆಯ ಚಿತ್ರಕಲೆ ಮೇಷ್ಟ್ರು ಪ್ರತಿ ಶನಿವಾರ ಹೆಂಡ್ತಿ ಜೊತೆ ಹೊರಗೆ ತಿನ್ನೋದಂತೆ."

"ಅವರ ಹೆಂಡ್ತಿ ಮಾಡೋ ಮಾಂಸದ ಕಡುಬು, ಮಂತಿ, ನಾನೂ ತಿಂದಿದ್ದೀನಿ. ಪಾಪ, ಅವರು ಬಾಕಿ ದಿನ ಹೇಗೆ ಬದುಕಿದ್ದಾರೋ."

ಅವತ್ತು ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಪಂದ್ಯ ಕಟ್ಟಿದೆ. ಶನಿವಾರ, ಭಾನುವಾರ ಎರಡು ದಿನ ಊರು ಸುತ್ತುವುದು. ಎಲ್ಲಾದರೂ ಒಂದು ಕಡೆ, ಒಂದೇ ಒಂದು ಪದಾರ್ಥ ತನ್ನ ಕೈರುಚಿಗಿಂತ ಚೆನ್ನಾಗಿದೆ ಎಂದು ಅವಳೇ ಬಾಯಿಬಿಟ್ಟು ಹೇಳಿದರೆ, ಇನ್ನು ಮೇಲೆ ಪ್ರತಿ ಶನಿವಾರ ಹೊರಗಿನ ಊಟ. ಹೇಳದೆ ಹೋದರೆ ನಾನು ಸಾಯುವವರೆಗೆ ಆ ಸುದ್ದಿ ಎತ್ತಬಾರದು.

"ರೊಟ್ಟಿ ಮುಟ್ಟಿ ಹೇಳಿ" ಎಂದಳು.

ಮೇಜಿನ ನಡುವಿದ್ದ ರೊಟ್ಟಿ ಮುಟ್ಟಿ ಹೇಳಿದೆ. ಅವಳೂ ಮುಟ್ಟಿದಳು. ನಮ್ಮಲ್ಲಿ ರೊಟ್ಟಿ ಮುಟ್ಟಿ ಆಡಿದ ಮಾತನ್ನು ಕಳ್ಳನೂ ತಪ್ಪುವುದಿಲ್ಲ. (ಪ್ರತಿವಾದಿ, ಸಾಕ್ಷಿ, ನ್ಯಾಯಾಧೀಶೆ ಮೂವರೂ ಒಬ್ಬಳೇ ಆಗಿರುವ ಘನ ನ್ಯಾಯಾಲಯದಲ್ಲಿ ದಾವೆ ಹೂಡಿದ್ದೇನೆ ಎಂಬುದು ಹಾಸಿಗೆಯಲ್ಲಿ ಮಲಗಿದ ಮೇಲೆ ಹೊಳೆಯಿತು.)

ದಿಗ್ವಿಜಯ ಹಳೇ ಪೇಟೆಯಿಂದ ಆರಂಭವಾಯಿತು. ತಂದೂರಿನ ಗೋಡೆಗೆ ಅಂಟಿಸಿದ, ಮಾಂಸ ತುಂಬಿದ ಸೊಮ್ಸಾಗಳನ್ನು ಅಂಗಡಿಯವನು ಉದ್ದ ಸೌಟಿನಿಂದ ಕಿತ್ತು ಕೊಡುತ್ತಿದ್ದ. ಸಾನೋಬಾರ್ ಒಂದನ್ನು ಮುರಿದು, ವೈದ್ಯರು ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿದಳು.

"ಈರುಳ್ಳಿ ಕಡಿಮೆ."

"ಅಕ್ಕಾ, ನಮ್ಮಪ್ಪನ ಕಾಲದಿಂದ ಇಷ್ಟೇ ಹಾಕೋದು" ಎಂದ ಅಂಗಡಿಯವನು.

"ಹಾಗಾದ್ರೆ ನಿಮ್ಮಪ್ಪನ ಕಾಲದಿಂದ ಕಡಿಮೆ."

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ನಾನು ಅವಳ ಪರಿಚಯ ಇಲ್ಲದವನಂತೆ ಆಕಾಶ ನೋಡಿದೆ. ಆದರೆ ತೀರ್ಪಿನಲ್ಲಿ ಅನ್ಯಾಯವಾಗಬಾರದು ಎಂದು ಅವಳು ಇನ್ನೂ ಎರಡು ಸೊಮ್ಸಾ ತಿಂದಳು. ಆಮೇಲೆ ತುಟಿ ಒರೆಸಿಕೊಂಡು, "ಪರವಾಗಿಲ್ಲ. ನನ್ನಷ್ಟಿಲ್ಲ" ಎಂದು ದಾವೆ ವಜಾ ಮಾಡಿದಳು.

ಕೊಯ್ಲಿಕ್‌ನಲ್ಲಿಯೂ ಇದೇ ಕಥೆ. ಕೊರಿಯದ ಹೆಂಗಸೊಬ್ಬಳು ಬಟ್ಟಲಿಗೆ ಶಾವಿಗೆ, ಸೌತೆಕಾಯಿ, ಮಾಂಸ ಹಾಕಿ ಮೇಲೆ ಹುಳಿ ಹುಳಿ ತಣ್ಣನೆ ಸಾರು ಸುರಿದು ಕೊಟ್ಟಳು. ಬಿಸಿಲಿಗೆ ಬೆಂದು ಬಂದಿದ್ದ ನನಗೆ ಒಂದು ಗುಟುಕಿಗೇ ಕಣ್ಣು ಮುಚ್ಚಿತು. ಕಣ್ಣು ತೆರೆದು, "ಹೇಗಿದೆ?" ಎಂದೆ.

"ಬಿಸಿ ಮಾಡೋದು ಮರೆತಿದ್ದಾರೆ" ಎಂದಳು.

ಅಷ್ಟು ಹೊತ್ತಿಗೆ ಅವಳ ಬಟ್ಟಲಿನ ತಳದ ಹೂವಿನ ಚಿತ್ರ ಕಾಣಿಸುತ್ತಿತ್ತು. ಇನ್ನೊಂದು ಬಟ್ಟಲು ತರಿಸಿಕೊಂಡು ಅದನ್ನೂ ಖಂಡಿಸುತ್ತಾ ಖಾಲಿ ಮಾಡಿದಳು. ಆ ಹೆಂಗಸಿನ ಜೊತೆ ಕೂತು ಸಾರಿಗೆ ಹುಳಿ ಯಾವುದು, ಶಾವಿಗೆ ಎಷ್ಟು ಹೊತ್ತು ಬೇಯಬೇಕು ಎಂದೆಲ್ಲ ವಿಚಾರಿಸಿ, ಹೊರಡುವಾಗ ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ಬೀಳ್ಕೊಂಡರು. ಅಷ್ಟೆಲ್ಲ ಆದ ಮೇಲೂ ತೀರ್ಪು ಮಾತ್ರ ನನ್ನ ವಿರುದ್ಧವೇ ಬಂತು.

ಸಂಜೆ ಮಿರೊಬಾದು. ಮರಗಳ ಕೆಳಗೆ ಮೇಜು, ದೀಪದ ಸರ, ಒಂದು ಮೂಲೆಯಲ್ಲಿ ಹಾಡುವವರ ತಂಡ. ನಾನು ಯಜಮಾನನ ಗತ್ತಿನಲ್ಲಿ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ, ಶಶ್ಲಿಕ್ ಹೇಳಿದೆ, ಬಿಯರ್ ಹೇಳಿದೆ. ನೊರೆ ಮೀಸೆಗೆ ಹತ್ತುವ ಹೊತ್ತಿಗೆ ಸರಿಯಾಗಿ ಪಕ್ಕದ ಮೇಜಿನಿಂದ ಏಳನೇ ತರಗತಿಯ ಹುಡುಗಿಯೊಬ್ಬಳ ಅಪ್ಪ ಎದ್ದು ನಿಂತು, "ನಮಸ್ಕಾರ ಮೇಷ್ಟ್ರೇ" ಎಂದ. ಆ ಲೋಟವನ್ನು ನಾನು ಸಾನೋಬಾರಳ ಮುಂದೆ ಸರಿಸಿದೆ. ಅವಳು ಅದನ್ನು ವಾಪಸು ನನ್ನ ಮುಂದೆ ಸರಿಸಿದಳು.

ಇತ್ತ ಮಾಣಿ ಅವಳಿಗೆ ಚಹಾ ತಂದ. ಬಟ್ಟಲು ಅಂಚಿನ ತನಕ ತುಂಬಿಸಿದ.

"ನೋಡಿದ್ರಾ? ಕುಡಿದು ಎದ್ದೋಗಿ ಅಂತಿದ್ದಾನೆ" ಎಂದಳು. ನಮ್ಮಲ್ಲಿ ಮರ್ಯಾದೆಯ ಚಹಾ ಬಟ್ಟಲಿನ ತಳದಲ್ಲಿ ಎರಡು ಬೆರಳು ಇರುತ್ತದೆ. ಖಾಲಿಯಾದ ಹಾಗೆ ಮತ್ತೆ ಮತ್ತೆ ಹಾಕಬೇಕು. ತುಂಬಿದ ಬಟ್ಟಲು ಬೇಡದ ನೆಂಟರಿಗೆ. ಮಾಣಿಯನ್ನು ಕರೆದು, "ಯಾರ ಮಗನಪ್ಪಾ ನೀನು? ನಿಮ್ಮಮ್ಮ ನಿನಗೆ ಚಹಾ ಹಾಕೋದು ಕಲಿಸಲಿಲ್ವಾ?" ಎಂದು ಶುರುಮಾಡಿ ಅವನ ವಂಶಾವಳಿ ಬಿಡಿಸಿದಳು. ಕೊನೆಗೆ ಅವನ ಅಜ್ಜಿ ಇವಳ ಚಿಕ್ಕಮ್ಮನ ಬೀದಿಯವಳೇ ಎಂದು ಗೊತ್ತಾಗಿ, ಆಮೇಲೆ ಅವನು ನಮ್ಮ ಮೇಜು ಬಿಟ್ಟು ಕದಲಲಿಲ್ಲ.

ಹಾಡು ಜೋರಾಯಿತು. ಯಾರದೋ ಹುಟ್ಟುಹಬ್ಬ, ಅವರ ಮನೆಯ ಹೆಂಗಸರು ಬಂದು ಸಾನೋಬಾರಳ ಕೈಹಿಡಿದು ಎಳೆದರು. ಬೇಡ ಬೇಡ ಎನ್ನುತ್ತಲೇ ಎದ್ದಳು. ಬೇಡ ಎನ್ನುವವಳು ಭುಜವನ್ನು ಹಾಗೆ ಕುಣಿಸುವುದನ್ನು ನಾನು ನಮ್ಮ ಮದುವೆಯ ನಂತರ ನೋಡಿರಲಿಲ್ಲ. ಇಡೀ ತೋಟ ಚಪ್ಪಾಳೆ ತಟ್ಟಿತು. ನಾನು ಅವಳ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಸುಳ್ಳೇಕೆ, ಹೆಮ್ಮೆಯಾಯಿತು. ಬೆವರು ಒರೆಸಿಕೊಂಡು ಬಂದವಳನ್ನು ಆ ಹುಮ್ಮಸ್ಸಿನಲ್ಲೇ ಹಿಡಿಯೋಣವೆಂದು, "ಶಶ್ಲಿಕ್ ಹೇಗೆ?" ಎಂದೆ.

"ಮಾಂಸ ನಂದೇ ಮೆತ್ತಗೆ" ಎಂದಳು.

ಭಾನುವಾರ ನನ್ನ ಕಟ್ಟಕಡೆಯ ಬಾಣ ಯುನುಸೊಬಾದಿನ ಪಲೋವ್. ಮಧ್ಯಾಹ್ನ ದಾಟಿದರೆ ಕೊಪ್ಪರಿಗೆಯ ತಳ ಕೆರೆಯುವ ಸದ್ದು ಮಾತ್ರ ಸಿಗುತ್ತದೆಂದು ಅವಳನ್ನು ಅವಸರಿಸಿ ಎಳೆದುಕೊಂಡು ಹೋದೆ. ಒಂದು ಕುಟುಂಬ ಕೂತು ಸ್ನಾನ ಮಾಡಬಹುದಾದಷ್ಟು ದೊಡ್ಡ ಕೊಪ್ಪರಿಗೆ. ಅದರ ಮುಂದೆ ಅಡುಗೆಯ ರಿಖ್ಸಿವೊಯ್, ಬಿಳಿ ಟೋಪಿ, ಕೊಪ್ಪರಿಗೆಗೆ ಜೋಡಿಯಾದ ಹೊಟ್ಟೆ. ಅನ್ನ, ಹಳದಿ ಕ್ಯಾರೆಟ್, ಕಡಲೆ, ಮೇಲೆ ಮಾಂಸದ ತುಂಡು ಹರಡಿ ತಟ್ಟೆ ಕಳಿಸಿದ.

ಸಾನೋಬಾರ್ ಒಂದು ತುತ್ತು ತಿಂದಳು. ಎರಡನೆಯದು ತಿಂದಳು. ಅನ್ನದ ಅಗುಳನ್ನು ಬೆರಳಲ್ಲಿ ಒತ್ತಿ ನೋಡಿದಳು. ಕೊನೆಗೆ ಚಮಚ ಕೆಳಗಿಟ್ಟಳು.

"ಇದು ನನ್ನದಕ್ಕಿಂತ ಚೆನ್ನಾಗಿದೆ."

ಓದುಗ ಮಹಾಶಯರೇ, ನಾನು ಎದ್ದು ನಿಂತೆ. ಪಕ್ಕದ ಮೇಜಿನವರನ್ನು, "ಕೇಳಿಸಿತಾ? ಇವರು ಹೇಳಿದ್ದು ಕೇಳಿಸಿತಾ?" ಎಂದು ಸಾಕ್ಷಿ ಮಾಡಿಕೊಂಡೆ. ಅವರಿಗೆ ಏನೂ ಅರ್ಥವಾಗದಿದ್ದರೂ ಹೌದೆಂದರು. ಇಷ್ಟು ವರ್ಷದ ದಾಂಪತ್ಯದಲ್ಲಿ ನಾನು ಗೆದ್ದದ್ದು ಅದೇ ಮೊದಲು. ಮುಂಬರುವ ಶನಿವಾರಗಳೆಲ್ಲ ಶಶ್ಲಿಕ್ಕಿನ ಕಡ್ಡಿ ಹಿಡಿದು ಸಾಲಾಗಿ ನನ್ನ ಕಣ್ಣ ಮುಂದೆ ನಿಂತವು.

ಸಾನೋಬಾರ್ ರಿಖ್ಸಿವೊಯ್‌ನನ್ನು ಕರೆದು ಕೇಳಿದಳು. "ನಾನೂ ಇದೇ ಅಕ್ಕಿ, ಇದೇ ಎಣ್ಣೆ ಹಾಕ್ತೀನಿ. ಹೀಗೆ ಯಾಕೆ ಬರಲ್ಲ?"

"ಬೇಜಾರು ಮಾಡ್ಕೋಬೇಡಿ ಅಕ್ಕಾ. ಪಲೋವ್ ಗಂಡಸಿನ ಕೈಯ ಅಡುಗೆ. ತಾಷ್ಕೆಂಟಲ್ಲಿ ಹುಟ್ಟಿದ ಗಂಡಸಿಗೆ ಇದನ್ನ ಯಾರೂ ಹೇಳಿಕೊಡೋದೇ ಬೇಡ. ಬೇಕಿದ್ರೆ ಈ ಅಣ್ಣನ್ನೇ ಕೇಳಿ."

ಇಲ್ಲಿ ನಾನು ತೆಪ್ಪಗಿರಬಹುದಿತ್ತು. ಆದರೆ ಎಲುಬಿಲ್ಲದ ನಾಲಿಗೆ, ಮೇಲೆ ಗೆದ್ದ ಅಮಲು. ಸುತ್ತಲೂ ಗಂಡಸರು ತಿನ್ನುವುದು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾರೆ. ನಾನು ಗಂಟಲು ಸರಿಮಾಡಿಕೊಂಡು ಪ್ರವಚನ ಶುರುಮಾಡಿದೆ. ಕೊಪ್ಪರಿಗೆ ಗಂಡಸಿನ ಮುಂಗೈಗೆ ಮಾತ್ರ ಬಗ್ಗುತ್ತದೆ ಎಂದೆ. ಎಣ್ಣೆ ಕಾದದ್ದನ್ನು ಗಂಡಸು ಉಸಿರಿನಲ್ಲೇ ತಿಳಿಯುತ್ತಾನೆ ಎಂದೆ. "ಅಷ್ಟೇಕೆ, ಪಲೋವ್ ಬೇಯುವಾಗ ಹೆಂಗಸರು ಮನೆಯಲ್ಲೇ ಇರಬಾರದು, ಅಕ್ಕಿ ಮುನಿಸಿಕೊಳ್ಳುತ್ತೆ" ಎಂದೆ. ಗಂಡಸರು ಹೌದು ಹೌದು ಎಂದು ತಲೆದೂಗಿದರು. ಒಬ್ಬ ಮುದುಕರು ನನ್ನ ಬೆನ್ನು ತಟ್ಟಿದರು. (ಪಲೋವ್ ಜೊತೆ ನನ್ನ ನಂಟು ಇಷ್ಟೇ: ನಮ್ಮ ಬೀದಿಯ ಮದುವೆಗಳಿಗೆ ಮುನ್ನಾದಿನ ಗಂಡಸರೆಲ್ಲ ಕೂತು ಕ್ಯಾರೆಟ್ ಕತ್ತರಿಸುವಾಗ ನಾನೂ ಒಂದು ಚೂರಿ ಹಿಡಿದು ಕೂರುತ್ತೇನೆ. ಒಲೆ ಹಚ್ಚುವ ಹೊತ್ತಿಗೆ ಮನೆಗೆ ಬಂದು ಮಲಗುತ್ತೇನೆ.)

ಸಾನೋಬಾರ್ ಎಲ್ಲವನ್ನೂ ಭಕ್ತಿಯಿಂದ ಕೇಳಿದಳು. ಆಮೇಲೆ ಫೋನ್ ತೆಗೆದು ತನ್ನ ಅಣ್ಣನಿಗೆ ಮಾಡಿದಳು.

"ಅಬ್ರೋರ್ ಅಣ್ಣಾ, ಬರೋ ಶನಿವಾರ ಎಲ್ಲರೂ ಮನೆಗೆ ಬನ್ನಿ. ಇವರು ಪಲೋವ್ ಮಾಡ್ತಾರಂತೆ. ತಮ್ಮಂದಿರಿಗೂ ಹೇಳು, ಮಕ್ಕಳನ್ನೂ ಕರ್ಕೊಂಡು ಬಾ."

ಪಲೋವ್‌ಗೆ ಕರೆದ ಮೇಲೆ ಆಯಿತು. ಮನೆಗೆ ಬೆಂಕಿ ಬಿದ್ದರೂ ಆ ಬೆಂಕಿಯ ಮೇಲೆ ಕೊಪ್ಪರಿಗೆ ಇಡಬೇಕು, ಬೇರೆ ದಾರಿಯಿಲ್ಲ.

ಶನಿವಾರ ಅಂಗಳದಲ್ಲಿ ಬಾಡಿಗೆ ಕೊಪ್ಪರಿಗೆ ಏರಿತು. ಭಾವಮೈದುನರು, ಅವರ ಹೆಂಡಿರು ಮಕ್ಕಳು ಊಟಕ್ಕೆ ಕೂರುವ ಅಗಲ ಮಂಚದ ಮೇಲೆ ಸಾಲಾಗಿ ಕೂತರು. ನಾನು ಹೊಗೆಯಲ್ಲಿ ಕೆಮ್ಮುತ್ತಾ ನೋಡುತ್ತೇನೆ, ಸಾನೋಬಾರ್ ಒಳ್ಳೆಯ ಬೂಟು ಹಾಕಿಕೊಂಡು, ಅತ್ತರು ಪೂಸಿಕೊಂಡು, ತಂಗಿ ಮಹ್ಫಿರಾತಳ ಕೈಹಿಡಿದು ಹೊರಗೆ ಬಂದಳು.

"ಎಲ್ಲಿಗೆ?" ಎಂದೆ.

"ಶನಿವಾರ ಹೊರಗಿನ ಊಟ ಅಲ್ವೇನ್ರೀ? ರೊಟ್ಟಿ ಮುಟ್ಟಿ ಹೇಳಿದ್ದೀವಿ. ಮೊದಲು ಕೊಯ್ಲಿಕ್, ಸಂಜೆ ಮಿರೊಬಾದು."

"ಮತ್ತೆ ನಾನು?"

"ಅಯ್ಯೋ, ಕೊಪ್ಪರಿಗೆ ಬಿಟ್ಟು ನೀವು ಬರೋಕಾಗುತ್ತಾ? ನಾನು ಇಲ್ಲಿದ್ರೆ ಅಕ್ಕಿ ಬೇರೆ ಮುನಿಸಿಕೊಳ್ಳುತ್ತೆ."

ಭಾವಮೈದುನರ ಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಲೋವ್ ಬೇಯುವ ಮನೆಯಲ್ಲಿ ಹೆಂಗಸರು ಇರಬಾರದಂತೆ ಎಂದು ಅವರೂ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿದರು. ಗೇಟಿನಾಚೆ ಎರಡು ಟ್ಯಾಕ್ಸಿ ತುಂಬ ನಗು ಹೊರಟಿತು. ಮಕ್ಕಳನ್ನು ಮಾತ್ರ ನನ್ನ ಬಳಿ ಬಿಟ್ಟು ಹೋದರು.

ಅಕ್ಕಿಗೆ ನೀರು ಸ್ವಲ್ಪ ಮುಂದಾಯಿತು. ಸರಿಮಾಡಲು ಅಕ್ಕಿ ಹಾಕಿದೆ, ಅಕ್ಕಿಗೆ ಮತ್ತೆ ನೀರು ಹಾಕಿದೆ. ಮುಚ್ಚಳ ತೆಗೆದಾಗ ಸೌಟು ನೆಟ್ಟಗೆ ನಿಂತಿತು. ಅಬ್ರೋರ್ ಒಂದು ತುತ್ತು ತಿಂದು, ಬಹಳ ಹೊತ್ತು ಅಗಿದು, "ಭಾವ, ಶಾವ್ಲಾ ಚೆನ್ನಾಗಿದೆ" ಎಂದ. ಮುದ್ದೆಯಾದ ಪಲೋವ್‌ಗೆ ನಮ್ಮವರು ಇಟ್ಟಿರುವ ಮರ್ಯಾದೆಯ ಹೆಸರು ಅದು. ನಾನು ಬೆನ್ನು ನೆಟ್ಟಗೆ ಮಾಡಿ, ಶಾವ್ಲಾ ಮಾಡುವುದೇ ನನ್ನ ಉದ್ದೇಶವಾಗಿತ್ತು ಎಂದೆ. ಪಾಪ, ಎಲ್ಲರೂ ಒಪ್ಪಿದರು. ಹಾಗಾದರೆ ಪಲೋವ್ ತಿನ್ನಲು ಮುಂದಿನ ಶನಿವಾರ ಬರುತ್ತೇವೆ ಎಂದೂ ಹೇಳಿದರು.

ನಾನು ಕೊಪ್ಪರಿಗೆಯೊಳಗೆ ಅರ್ಧ ಇಳಿದು ತಳ ಉಜ್ಜುತ್ತಿರುವಾಗ ಫೋನ್ ಬಂತು. ಆ ಕಡೆ ಹಾಡು, ಚಪ್ಪಾಳೆ, ಹತ್ತು ಹೆಂಗಸರ ಗದ್ದಲ.

"ರೀ, ಕೇಳಿಸ್ತಿದೆಯಾ? ನೀವು ಹೇಳಿದ್ದು ನಿಜ ಕಣ್ರೀ" ಎಂದಳು ಸಾನೋಬಾರ್. "ಹೊರಗಿನ ಊಟದ ರುಚಿಯೇ ಬೇರೆ."